ಹಳೆಯ ಕಾರಿನ ಎ.ಸಿ. ಕಂಪ್ರೆಸರ್ ಬದಲಾವಣೆ ಮತ್ತು ಎಣ್ಣೆಯ ಲೆಕ್ಕ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗಾಗಿ

ನಮ್ಮ ಸದಸ್ಯರಲ್ಲಿ ಅನೇಕರು ಹತ್ತು ಹದಿನೈದು ವರ್ಷ ಓಡಿದ ಕಾರನ್ನು ಎರಡನೆಯ ಅಥವಾ ಮೂರನೆಯ ಮಾಲೀಕರಾಗಿ ಖರೀದಿಸಿ ಬಳಸುತ್ತಿದ್ದಾರೆ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಸಭೆಗಳಿಗೆ ಬರುವುದು, ಊರಿನ ರೋಗಿಯನ್ನು ರಾತ್ರಿ ಹೊತ್ತು ಆಸ್ಪತ್ರೆಗೆ ಸೇರಿಸುವುದು, ಮನೆಯ ಹಿರಿಯರನ್ನು ಬಿಸಿಲಿನಲ್ಲಿ ಕರೆದೊಯ್ಯುವುದು ಎಲ್ಲವೂ ಅದೇ ವಾಹನದಲ್ಲಿ. ಇಂತಹ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಬಿಟ್ಟರೆ ಅತಿ ಹೆಚ್ಚು ಹಣ ಬೇಡುವ ದುರಸ್ತಿಗಳಲ್ಲಿ ಹವಾನಿಯಂತ್ರಣದ ಕಂಪ್ರೆಸರ್ ಬದಲಾವಣೆಯೂ ಒಂದು. ಹಣ ಕೊಟ್ಟು ಹೊಸದನ್ನು ಹಾಕಿಸಿದ ನಂತರವೂ ಕೆಲವೇ ತಿಂಗಳಲ್ಲಿ ಅದು ಮತ್ತೆ ಕೆಟ್ಟು ನಿಲ್ಲುವ ಪ್ರಸಂಗಗಳು ಕಡಿಮೆಯಿಲ್ಲ. ಅದಕ್ಕೆ ಕಂಪ್ರೆಸರ್ ಕಳಪೆಯಾಗಿತ್ತೆಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಬಹುಪಾಲು ಸಂದರ್ಭಗಳಲ್ಲಿ ನಿಜವಾದ ಕಾರಣ ಎಣ್ಣೆಯ ಲೆಕ್ಕ ತಪ್ಪಿರುವುದು. ಈ ಲೇಖನವು ಆ ಲೆಕ್ಕವನ್ನು ಕುರಿತದ್ದು. ಸದಸ್ಯರು ಸ್ವತಃ ಸ್ಪ್ಯಾನರ್ ಹಿಡಿಯಬೇಕೆಂಬುದು ಇದರ ಉದ್ದೇಶವಲ್ಲ. ಗ್ಯಾರೇಜಿನಲ್ಲಿ ಸರಿಯಾದ ಪ್ರಶ್ನೆ ಕೇಳಲು ಮತ್ತು ಬಿಲ್ಲನ್ನು ಓದಲು ಬೇಕಾದಷ್ಟು ತಿಳಿವಳಿಕೆ ದೊರೆತರೆ ಸಾಕು.

ಎಣ್ಣೆ ಇರುವುದೆಲ್ಲಿ?

ಎಂಜಿನ್ನಿನ ಎಣ್ಣೆ ನಮಗೆಲ್ಲ ಪರಿಚಿತ. ಎಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿಯಿದೆ. ಅಳತೆಯ ಕಡ್ಡಿಯನ್ನು ಹೊರತೆಗೆದು ಒರೆಸಿ ಮತ್ತೆ ಅದ್ದಿ ನೋಡಿದರೆ ಎಷ್ಟಿದೆಯೆಂಬುದು ತಿಳಿಯುತ್ತದೆ. ಕಾರಿನ ಎ.ಸಿ. ಕಂಪ್ರೆಸರ್‌ಗೆ ಇಂತಹ ಕಡ್ಡಿಯಿಲ್ಲ. ಅದರೊಳಗೆ ಓರೆಯಾಗಿ ಕೂರಿಸಿದ ತಟ್ಟೆಯೊಂದು ತಿರುಗುತ್ತ ಸಣ್ಣ ಪಿಸ್ಟನ್‌ಗಳನ್ನು ಹಿಂದೆ ಮುಂದೆ ನೂಕುತ್ತದೆ. ಈ ಭಾಗಗಳು ಸವೆಯದಂತೆ ಕಾಪಾಡುವ ಎಣ್ಣೆ ಕಂಪ್ರೆಸರ್‌ನಲ್ಲಿಯೇ ನಿಲ್ಲದೆ ಗ್ಯಾಸಿನೊಡನೆ ಬೆರೆತು ಇಡೀ ವ್ಯವಸ್ಥೆಯನ್ನು ಸುತ್ತುತ್ತದೆ. ಕಂಪ್ರೆಸರ್‌ನಿಂದ ಹೊರಟ ಬಿಸಿ ಗ್ಯಾಸು ರೇಡಿಯೇಟರಿನ ಮುಂದಿರುವ ಕಂಡೆನ್ಸರ್‌ನಲ್ಲಿ ತಣಿದು ದ್ರವವಾಗಿ, ತೇವಾಂಶ ಹೀರುವ ಡ್ರೈಯರ್ ಬಾಟಲಿಯನ್ನು ದಾಟಿ, ಎಕ್ಸ್‌ಪಾನ್ಷನ್ ವಾಲ್ವಿನ ಸೂಕ್ಷ್ಮ ರಂಧ್ರದಿಂದ ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ಗೆ ನುಗ್ಗಿ, ಅಲ್ಲಿ ಆವಿಯಾಗಿ ಕಾರಿನೊಳಗಿನ ಶಾಖವನ್ನು ಹೀರಿಕೊಂಡು ಮತ್ತೆ ಕಂಪ್ರೆಸರ್‌ಗೆ ಮರಳುತ್ತದೆ. ಎಣ್ಣೆಯೂ ಈ ದಾರಿಯುದ್ದಕ್ಕೂ ಹಂಚಿಹೋಗಿರುತ್ತದೆ. ಸ್ವಲ್ಪ ಕಂಡೆನ್ಸರ್‌ನಲ್ಲಿ, ಸ್ವಲ್ಪ ಕಾಯಿಲ್‌ನಲ್ಲಿ, ಸ್ವಲ್ಪ ಡ್ರೈಯರ್‌ನಲ್ಲಿ, ಉಳಿದದ್ದು ಕಂಪ್ರೆಸರ್‌ನಲ್ಲಿ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ಗ್ಯಾಸು ಸೋರುವಲ್ಲಿ ಎಣ್ಣೆಯೂ ಸೋರುತ್ತದೆ. ಪೈಪಿನ ಜೋಡಣೆಯ ಬಳಿ ಧೂಳು ಮೆತ್ತಿಕೊಂಡ ಜಿಡ್ಡು ಕಲೆ ಕಂಡರೆ ಅದೇ ಸೋರಿಕೆಯ ಗುರುತು. ಎರಡನೆಯದು ಇನ್ನೂ ಮುಖ್ಯವಾದದ್ದು. ಗ್ಯಾಸು ಕಡಿಮೆಯಾದಾಗ ಎಣ್ಣೆಯನ್ನು ಹಿಂದಕ್ಕೆ ಹೊತ್ತು ತರುವ ಹರಿವು ಕ್ಷೀಣಿಸುತ್ತದೆ. ಎಣ್ಣೆ ಕಾಯಿಲ್‌ನಲ್ಲಿಯೇ ಉಳಿದು ಕಂಪ್ರೆಸರ್ ಒಣಗಿ ಓಡುತ್ತದೆ. ಪ್ರತಿ ವರ್ಷ ಬೇಸಿಗೆಗೆ ಮುನ್ನ ಸೋರಿಕೆಯನ್ನು ಹುಡುಕದೆ ಕೇವಲ ಗ್ಯಾಸು ತುಂಬಿಸಿಕೊಂಡು ಬರುವ ಪದ್ಧತಿ ಕಂಪ್ರೆಸರ್‌ನ ಆಯುಷ್ಯವನ್ನು ತಿನ್ನುವುದು ಹೀಗೆ. ಒತ್ತಡ ತೀರ ಕಡಿಮೆಯಾದರೆ ಕಂಪ್ರೆಸರ್ ಓಡದಂತೆ ತಡೆಯಲು ಒಂದು ಸ್ವಿಚ್ಚನ್ನು ತಯಾರಕರು ಇಟ್ಟಿರುತ್ತಾರೆ. ಹಳೆಯ ಕಾರುಗಳಲ್ಲಿ ಈ ಸ್ವಿಚ್ಚಿನ ಎರಡು ವೈರುಗಳನ್ನು ಸೇರಿಸಿ ನೇರ ಮಾಡಿರುವುದು ಆಗಾಗ ಕಂಡುಬರುತ್ತದೆ. ಹಾಗೆ ಮಾಡಿದ್ದರೆ ಅದನ್ನು ಮೊದಲು ಸರಿಪಡಿಸತಕ್ಕದ್ದು.

ಕೆಟ್ಟಿರುವುದು ಕಂಪ್ರೆಸರ್ ಹೌದೇ?

ತಣ್ಣನೆಯ ಗಾಳಿ ಬರುತ್ತಿಲ್ಲವೆಂದ ಮಾತ್ರಕ್ಕೆ ಕಂಪ್ರೆಸರ್ ಬದಲಿಸಬೇಕಾಗಿಲ್ಲ. ಫ್ಯೂಸ್, ರಿಲೇ, ಕ್ಲಚ್ಚಿನ ವಿದ್ಯುತ್ ಸುರುಳಿ, ಸಡಿಲಗೊಂಡ ಬೆಲ್ಟ್, ಕಂಡೆನ್ಸರ್ ಮುಂದಿನ ಫ್ಯಾನ್ ಇವುಗಳಲ್ಲಿ ಯಾವುದು ಕೆಟ್ಟರೂ ಫಲಿತಾಂಶ ಒಂದೇ. ಎ.ಸಿ. ಆರಿಸಿದಾಗಲೂ ಗರಗರ ಶಬ್ದ ಬರುತ್ತಿದ್ದರೆ ಅದು ಬಹುತೇಕ ಪುಲ್ಲಿಯ ಬೇರಿಂಗ್. ಹಲವು ಮಾದರಿಗಳಲ್ಲಿ ಗ್ಯಾಸು ಬಿಚ್ಚದೆಯೇ ಅದನ್ನು ಬದಲಿಸಬಹುದು. ಎ.ಸಿ. ಹಾಕಿದಾಗ ಮಾತ್ರ ಶಬ್ದ ಬಂದು, ಎಂಜಿನ್ ತಡವರಿಸಿ, ಬೆಲ್ಟ್ ಕಿರುಚಿದರೆ ಕಂಪ್ರೆಸರ್ ಒಳಗೆ ಹಿಡಿದುಕೊಳ್ಳುತ್ತಿದೆಯೆಂದು ತಿಳಿಯಬೇಕು. ಮೂರು ಸಿಲಿಂಡರಿನ, 796 ಸಿ.ಸಿ. ಸಾಮರ್ಥ್ಯದ ಮಾರುತಿ 800ರಂತಹ ಚಿಕ್ಕ ಎಂಜಿನ್ನಿನಲ್ಲಿ ಎ.ಸಿ. ಹಾಕಿದ ಕೂಡಲೇ ಸ್ವಲ್ಪ ಶಕ್ತಿ ಕುಗ್ಗುವುದು ಸಹಜ. ಅದನ್ನೇ ದೋಷವೆಂದು ಭಾವಿಸಬೇಕಾಗಿಲ್ಲ.

ಒಂದು ಪ್ರಸಂಗ

ನಾನು ಕಾರ್ಯ ನಿರ್ವಹಿಸುವ ಪಂಚಾಯಿತಿಯ ಸದಸ್ಯರೊಬ್ಬರು ತಮ್ಮ ಹಳೆಯ ಝೆನ್ ಕಾರಿಗೆ ಬೇಸಿಗೆಯ ಆರಂಭದಲ್ಲಿ ಹೊಸ ಕಂಪ್ರೆಸರ್ ಹಾಕಿಸಿದರು. ಎರಡು ತಿಂಗಳು ಮುಗಿಯುವ ಮೊದಲೇ ಅದು ಹಿಡಿದುಕೊಂಡಿತು. ಅವರು ತೋರಿಸಿದ ಬಿಲ್ಲಿನಲ್ಲಿ ಇದ್ದದ್ದು ಮೂರೇ ಸಾಲು: ಕಂಪ್ರೆಸರ್, ಗ್ಯಾಸು, ಕೂಲಿ. ಡ್ರೈಯರ್ ಇಲ್ಲ, ಓ-ರಿಂಗ್ ಇಲ್ಲ, ಎಣ್ಣೆ ಇಲ್ಲ, ಪೈಪು ತೊಳೆದ ದಾಖಲೆ ಇಲ್ಲ. ಮಾರಾಟಗಾರರು ಹೊಸ ಡ್ರೈಯರ್ ಹಾಕಿದ ಬಿಲ್ಲು ಇಲ್ಲವೆಂಬ ಕಾರಣಕ್ಕೆ ಗ್ಯಾರಂಟಿ ನಿರಾಕರಿಸಿದರು. ಆ ಷರತ್ತು ಗ್ಯಾರಂಟಿ ಚೀಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿಯೇ ಇತ್ತು. ಕೆಟ್ಟ ಎರಡನೆಯ ಕಂಪ್ರೆಸರ್‌ನ ಹೀರುವ ಬಾಯಿಗೆ ಬಿಳಿ ಬಟ್ಟೆಯನ್ನು ಸುತ್ತಿದ ಕಡ್ಡಿ ಹಾಕಿ ತೆಗೆದಾಗ ಬಂದದ್ದು ಬೂದುಗಪ್ಪು ಕೆಸರು, ಅದರಲ್ಲಿ ಮಿನುಗುವ ಅಲ್ಯೂಮಿನಿಯಂ ಪುಡಿ. ಅದು ಎರಡನೆಯದರ ಪುಡಿ ಮಾತ್ರವಲ್ಲ. ಮೊದಲನೆಯದು ಸಾಯುವಾಗ ಉಗುಳಿದ ಪುಡಿ ಪೈಪುಗಳಲ್ಲಿ ಉಳಿದು, ಹೊಸದರೊಳಕ್ಕೆ ಹೋಗಿ ಅದನ್ನೂ ಅರೆದುಹಾಕಿತ್ತು.

ಆದ್ದರಿಂದ ಹಿಡಿದುಕೊಂಡು ಕೆಟ್ಟ ಕಂಪ್ರೆಸರ್‌ನ ಎಣ್ಣೆಯನ್ನು ಮೊದಲು ಬಿಳಿ ಬಟ್ಟಲಿಗೆ ಬಗ್ಗಿಸಿ ನೋಡಬೇಕು. ಎಣ್ಣೆ ತಿಳಿಯಾಗಿದ್ದರೆ ವ್ಯವಸ್ಥೆ ಶುದ್ಧವಾಗಿದೆ ಎಂದರ್ಥ. ಕಪ್ಪಾಗಿದ್ದರೆ ಅಥವಾ ಲೋಹದ ಮಿನುಗು ಇದ್ದರೆ ಪೈಪುಗಳನ್ನೂ ಕಾಯಿಲನ್ನೂ ಫ್ಲಶಿಂಗ್ ದ್ರಾವಣದಿಂದ ತೊಳೆದು, ಒಣಗಿದ ನೈಟ್ರೋಜನ್ ಹಾಯಿಸಿ ಒಣಗಿಸಬೇಕು. ಪೆಟ್ರೋಲ್ ಅಥವಾ ಡೀಸೆಲ್‌ನಿಂದ ತೊಳೆಯುವುದು ಸಲ್ಲದು. ಡ್ರೈಯರನ್ನೂ ಎಕ್ಸ್‌ಪಾನ್ಷನ್ ವಾಲ್ವನ್ನೂ ತೊಳೆಯಲಾಗದು, ಬದಲಿಸಲೇಬೇಕು. ಕಂಡೆನ್ಸರ್ ವಿಷಯದಲ್ಲಿ ಕಾರಿನ ವಯಸ್ಸು ನಮಗೆ ಅನುಕೂಲವಾಗಿ ಒದಗುವುದುಂಟು. ತೀರ ಹಳೆಯ ಕಾರುಗಳ ಕಂಡೆನ್ಸರ್‌ನಲ್ಲಿ ಒಂದೇ ಅಗಲವಾದ ಕೊಳವೆ ಹಾವಿನಂತೆ ಬಳಸಿ ಬರುತ್ತದೆ, ಅದನ್ನು ತೊಳೆಯಬಹುದು. ನಂತರದ ಮಾದರಿಗಳಲ್ಲಿ ಹತ್ತಾರು ಸೂಕ್ಷ್ಮ ಕೊಳವೆಗಳು ಅಕ್ಕಪಕ್ಕ ಇರುವುದರಿಂದ ದ್ರಾವಣವು ತೆರೆದ ಕೊಳವೆಯಲ್ಲಿ ಹರಿದುಹೋಗಿ, ಮುಚ್ಚಿಕೊಂಡದ್ದು ಮುಚ್ಚಿಕೊಂಡೇ ಉಳಿಯುತ್ತದೆ. ಅಂತಹ ಕಂಡೆನ್ಸರನ್ನು ಬದಲಿಸುವುದೇ ಸರಿ. ಖರ್ಚು ಹೆಚ್ಚುವುದು ನಿಜ. ಎರಡನೆಯ ಕಂಪ್ರೆಸರ್‌ನ ಬೆಲೆಗಿಂತ ಅದು ಕಡಿಮೆಯೇ.

ಆರಂಭ ಶಿಲ್ಕು

ನಗದು ಪುಸ್ತಕವನ್ನು ನೋಡಿ ಅಭ್ಯಾಸವಿರುವ ಸದಸ್ಯರಿಗೆ ಎಣ್ಣೆಯ ಪ್ರಮಾಣ ನಿರ್ಧರಿಸುವ ಕ್ರಮವನ್ನು ವಿವರಿಸುವುದು ಕಷ್ಟವಲ್ಲ. ವ್ಯವಸ್ಥೆಯಲ್ಲಿ ಈಗಾಗಲೇ ಉಳಿದಿರುವ ಎಣ್ಣೆಯೇ ಆರಂಭ ಶಿಲ್ಕು. ಅದನ್ನು ತಿಳಿಯದೆ ಹೊಸ ಜಮೆ ಮಾಡಿದರೆ ಪುಸ್ತಕ ಹೊಂದುವುದಿಲ್ಲ.

ಒಂದು ಕಾರಿನ ಎ.ಸಿ. ವ್ಯವಸ್ಥೆಗೆ ಒಟ್ಟು 120 ಮಿಲಿಲೀಟರ್ ಎಣ್ಣೆ ಬೇಕೆಂದು ತಯಾರಕರ ಕೈಪಿಡಿ ಹೇಳುತ್ತದೆಂದು ಇಟ್ಟುಕೊಳ್ಳೋಣ. ಹಳೆಯ ಕಂಪ್ರೆಸರನ್ನು ಕಳಚಿ, ಬಾಯಿ ಕೆಳಗೆ ಮಾಡಿ, ಅದರ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸುತ್ತ ಪೂರ್ತಿ ಬಗ್ಗಿಸಿದಾಗ 50 ಮಿಲಿಲೀಟರ್ ಬಂದಿತೆನ್ನೋಣ. ಸೋರಿಕೆ ಆಗಿಲ್ಲದಿದ್ದರೆ ಉಳಿದ 70 ಮಿಲಿಲೀಟರ್ ಪೈಪು, ಕಂಡೆನ್ಸರ್, ಕಾಯಿಲ್‌ಗಳಲ್ಲಿದೆ. ಹೊಸ ಕಂಪ್ರೆಸರ್ ಪೆಟ್ಟಿಗೆಯಿಂದಲೇ ಪೂರ್ತಿ 120 ತುಂಬಿಸಿಕೊಂಡು ಬಂದಿದ್ದು, ಅದನ್ನು ಹಾಗೆಯೇ ಕೂರಿಸಿದರೆ ಒಟ್ಟು 190 ಆಗುತ್ತದೆ. ಹೆಚ್ಚುವರಿ 70 ಮಿಲಿಲೀಟರ್ ಕಾಯಿಲ್‌ನ ಒಳಗೋಡೆಗೆ ಅಂಟಿ ಶಾಖ ಹೀರುವುದನ್ನು ತಡೆಯುತ್ತದೆ. ತಂಪು ಕಡಿಮೆಯಾಗಿ ಒತ್ತಡ ಏರುತ್ತದೆ. ಸರಿಯಾದ ಕ್ರಮವೆಂದರೆ ಹೊಸದರಲ್ಲಿರುವ ಎಣ್ಣೆಯನ್ನು ಶುದ್ಧ ಪಾತ್ರೆಗೆ ಬಗ್ಗಿಸಿ, ಹಳೆಯದರಿಂದ ಬಂದಷ್ಟು, ಅಂದರೆ 50, ಜತೆಗೆ ಹಳೆಯ ಕಂಪ್ರೆಸರ್‌ನ ಗೋಡೆಗೆ ಅಂಟಿ ಉಳಿದದ್ದಕ್ಕಾಗಿ ಸುಮಾರು 10, ಮತ್ತು ಕಿತ್ತುಹಾಕಿದ ಡ್ರೈಯರ್ ಹೀರಿಟ್ಟುಕೊಂಡದ್ದಕ್ಕೆ ಕೈಪಿಡಿ ಸೂಚಿಸುವ ಅಲ್ಪ ಪ್ರಮಾಣವನ್ನು ಸೇರಿಸಿ ಹಾಕುವುದು.

ಇದೇ ಕಾರಿನ ವ್ಯವಸ್ಥೆಯನ್ನು ತೊಳೆದಿದ್ದರೆ ಲೆಕ್ಕ ಬೇರೆ. ಆಗ ಆರಂಭ ಶಿಲ್ಕು ಸೊನ್ನೆ. ಪೂರ್ತಿ 120 ಹಾಕಬೇಕು. ತೊಳೆದ ಮೇಲೆಯೂ ಹಳೆಯ ಅಳತೆಯಾದ 50ನ್ನೇ ಹಾಕಿದರೆ ಕಂಪ್ರೆಸರ್ ಬೇಗನೆ ಒಣಗುತ್ತದೆ. ಇನ್ನು ದೀರ್ಘಕಾಲದ ಸೋರಿಕೆಯಿಂದಾಗಿ ಹಳೆಯದರಿಂದ ಬಂದ ಎಣ್ಣೆ ಕೆಲವೇ ಹನಿಗಳಷ್ಟಿದ್ದರೆ ಅಷ್ಟನ್ನೇ ಹಾಕುವಂತಿಲ್ಲ. ಇಂತಹ ಸಂದರ್ಭಕ್ಕೆ ಕೈಪಿಡಿಗಳು ಕನಿಷ್ಠ ಪ್ರಮಾಣವೊಂದನ್ನು ನಿಗದಿಪಡಿಸಿರುತ್ತವೆ. ನಾನಾದರೆ ಇಂತಹ ಕಾರಿನಲ್ಲಿ ಊಹೆಗೆ ಹೋಗದೆ ಎಲ್ಲವನ್ನೂ ತೊಳೆದು ಸೊನ್ನೆಯಿಂದಲೇ ಲೆಕ್ಕ ಆರಂಭಿಸಲು ಹೇಳುತ್ತೇನೆ. ಮೇಲಿನ ಅಂಕಿಗಳು ಕ್ರಮವನ್ನು ತೋರಿಸಲು ಮಾತ್ರ. ತಮ್ಮ ಕಾರಿನ ಅಂಕಿ ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ.

ಹೊಸ ಕಂಪ್ರೆಸರ್‌ಗಳೆಲ್ಲ ಒಂದೇ ರೀತಿ ಬರುವುದಿಲ್ಲ. ಕೆಲವು ಪೂರ್ತಿ ಎಣ್ಣೆಯೊಡನೆ, ಕೆಲವು ಸಾಗಣೆಗೆ ಬೇಕಾದಷ್ಟು ಮಾತ್ರ, ರೀಕಂಡೀಷನ್ ಮಾಡಿದ ಕೆಲವು ಪೂರ್ತಿ ಒಣಗಿ ಬರುತ್ತವೆ. ನೈಟ್ರೋಜನ್ ತುಂಬಿ ಮುಚ್ಚಿದ್ದನ್ನು ತೆರೆದಾಗ ಸಣ್ಣ ಸುಯ್ಯೆನ್ನುವ ಶಬ್ದ ಬರುತ್ತದೆ; ಒಳಗೆ ತೇವ ಹೋಗಿಲ್ಲವೆಂಬುದಕ್ಕೆ ಅದು ಒಳ್ಳೆಯ ಸೂಚನೆ. ಪೆಟ್ಟಿಗೆಯಲ್ಲಿ ಎಣ್ಣೆ ಇದೆಯೆಂದು ಅಂಗಡಿಯವರು ಹೇಳಿದ ಮಾತನ್ನು ಒಪ್ಪದೆ ಬಗ್ಗಿಸಿ ಅಳೆಯುವುದು ಲೇಸು. ಅಳತೆಗೆ ಔಷಧದ ಅಂಗಡಿಯಲ್ಲಿ ದೊರೆಯುವ 50 ಮಿಲಿಲೀಟರಿನ ಹೊಸ ಸಿರಿಂಜ್ ಸಾಕು.

ಯಾವ ಎಣ್ಣೆ?

ಎಂಜಿನ್ ಎಣ್ಣೆಯಾಗಲಿ, ಹೊಲಿಗೆ ಯಂತ್ರದ ಎಣ್ಣೆಯಾಗಲಿ, ಮನೆಯ ಫ್ರಿಜ್ಜಿಗೆ ಹಾಕುವ ಎಣ್ಣೆಯಾಗಲಿ ಇಲ್ಲಿ ನಡೆಯದು. ಎಣ್ಣೆಯ ಜಾತಿಯನ್ನು ನಿರ್ಧರಿಸುವುದು ಗ್ಯಾಸಿನ ಜಾತಿ. 1990ರ ದಶಕದ ಹಳೆಯ ಕಾರುಗಳಲ್ಲಿ ಆರ್-12 ಎಂಬ ಗ್ಯಾಸು, ಅದಕ್ಕೆ ಖನಿಜ ತೈಲ ಬಳಕೆಯಲ್ಲಿದ್ದವು. ಆರ್-12 ಓಝೋನ್ ಪದರವನ್ನು ನಾಶಪಡಿಸುವ ಕ್ಲೋರೋಫ್ಲೋರೋಕಾರ್ಬನ್ ವರ್ಗಕ್ಕೆ ಸೇರಿದ್ದು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 1992ರಲ್ಲಿ ಸೇರಿತು, 2000ದ ಓಝೋನ್ ನಿಯಮಗಳ ಅನ್ವಯ 2003ರ ಆರಂಭದಿಂದ ಹೊಸ ಉಪಕರಣಗಳ ತಯಾರಿಕೆಯಲ್ಲಿ ಈ ವರ್ಗದ ಗ್ಯಾಸುಗಳ ಬಳಕೆಗೆ ತಡೆ ಬಿದ್ದಿತು. ನಂತರ ಬಂದದ್ದು ಆರ್-134ಎ. ಇದಕ್ಕೆ ಪಿ.ಎ.ಜಿ. ಎಂಬ ಸಂಶ್ಲೇಷಿತ ಎಣ್ಣೆ.

ಖನಿಜ ತೈಲವು ಆರ್-134ಎ ಗ್ಯಾಸಿನೊಡನೆ ಬೆರೆಯುವುದಿಲ್ಲ. ಬೆರೆಯದ ಎಣ್ಣೆಯನ್ನು ಗ್ಯಾಸು ಹೊತ್ತು ತರಲಾರದು. ಅದು ಕಾಯಿಲ್‌ನಲ್ಲಿಯೇ ಮಡುಗಟ್ಟಿ ನಿಲ್ಲುತ್ತದೆ. ಆರ್-12 ಕಾರಿಗೆ ಏನನ್ನೂ ಬದಲಿಸದೆ ಆರ್-134ಎ ತುಂಬಿದರೆ ಮೊದಮೊದಲು ತಂಪು ಬಂದರೂ ಕಂಪ್ರೆಸರ್ ಎಣ್ಣೆಯಿಲ್ಲದೆ ಕೆಡುವುದು ಇದರಿಂದಲೇ. ಹಾಗೆ ಪರಿವರ್ತಿಸುವಾಗ ಹಳೆಯ ಎಣ್ಣೆಯನ್ನು ತೊಳೆದು ತೆಗೆದು, ಪಿ.ಎ.ಜಿ. ಅಥವಾ ಎಸ್ಟರ್ ಎಣ್ಣೆ ಹಾಕಿ, ಡ್ರೈಯರ್ ಮತ್ತು ಓ-ರಿಂಗ್‌ಗಳನ್ನು ಹೊಸ ಗ್ಯಾಸಿಗೆ ಒಗ್ಗುವ ಜಾತಿಯವಕ್ಕೆ ಬದಲಿಸತಕ್ಕದ್ದು. ಗ್ಯಾಸಿನ ತೂಕವೂ ಮೊದಲಿನದಕ್ಕಿಂತ ಕಡಿಮೆ ಸಾಕು, ಸಾಮಾನ್ಯವಾಗಿ ಶೇಕಡ 80ರಿಂದ 90ರಷ್ಟು.

ಪಿ.ಎ.ಜಿ. ಎಣ್ಣೆಯಲ್ಲಿಯೂ 46, 100, 150 ಎಂಬ ಸಾಂದ್ರತೆಯ ದರ್ಜೆಗಳಿವೆ. ನಮ್ಮ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಡೆನ್ಸೋ ವಿನ್ಯಾಸದ ಕಂಪ್ರೆಸರ್‌ಗಳಿಗೆ ಎನ್.ಡಿ.-8 ಎಂಬ ಹೆಸರಿನ, 46ರ ದರ್ಜೆಗೆ ಹತ್ತಿರದ ಎಣ್ಣೆ ನಿಗದಿಯಾಗಿದೆ. ಬೇರೆ ತಯಾರಿಕೆಗೆ ಬೇರೆ ದರ್ಜೆ. ಚೀಟಿಯನ್ನು ಓದಿಯೇ ಖರೀದಿಸಬೇಕು. ಈ ಎಣ್ಣೆಯ ದೊಡ್ಡ ದೌರ್ಬಲ್ಯವೆಂದರೆ ಅದು ಗಾಳಿಯ ತೇವವನ್ನು ಬಹು ಬೇಗ ಹೀರುತ್ತದೆ, ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟಂತೆ. ಗ್ಯಾರೇಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟ ದೊಡ್ಡ ಡಬ್ಬಿಯ ಎಣ್ಣೆ ಬೇಡ. ಸಣ್ಣ ಸೀಲ್ ಮಾಡಿದ ಬಾಟಲಿಯನ್ನು ಎದುರಿಗೇ ಒಡೆಸುವುದು ಸೂಕ್ತ. ಕಳಚಿದ ಪೈಪುಗಳ ಬಾಯಿಯನ್ನು ಅದೇ ಕಾರಣಕ್ಕೆ ಕೂಡಲೇ ಮುಚ್ಚಿಡಬೇಕು.

ಕೂರಿಸುವಾಗ ನೋಡಬೇಕಾದದ್ದು

ಹೊಸ ಕಂಪ್ರೆಸರ್ ಕೂರಿಸಿ ಬೆಲ್ಟ್ ಹಾಕುವ ಮುನ್ನ ಅದರ ಮುಂದಿನ ತಟ್ಟೆಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಬೇಕು. ದ್ರವವನ್ನು ಅದುಮಲಾಗದು, ಪಿಸ್ಟನ್ ಮುಂದೆ ಎಣ್ಣೆ ನಿಂತಿದ್ದಾಗ ಎಂಜಿನ್ ಒಮ್ಮೆಲೇ ತಿರುಗಿಸಿದರೆ ಒಳಗಿನ ತೆಳು ವಾಲ್ವಿನ ಪಟ್ಟಿಗಳು ಮುರಿಯುತ್ತವೆ. ಒಂದು ನಿಮಿಷದ ಈ ಕೆಲಸವನ್ನು ಬಿಟ್ಟು ಹೊಸ ಕಂಪ್ರೆಸರನ್ನು ಮೊದಲ ಕ್ಷಣದಲ್ಲಿಯೇ ಹಾಳುಮಾಡಿಕೊಳ್ಳುವವರಿದ್ದಾರೆ.

ನಂತರ ವ್ಯಾಕ್ಯೂಮ್. ಸಾಧಾರಣ ವಾಯುವಿನ ಒತ್ತಡ ಪಾದರಸದ 760 ಮಿಲಿಮೀಟರ್. ಅದು ಸುಮಾರು 24 ಮಿಲಿಮೀಟರಿಗೆ ಇಳಿದಾಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ನೀರು ಕುದಿಯುತ್ತದೆ. ಪೈಪಿನೊಳಗಿನ ತೇವವನ್ನು ಕುದಿಸಿ ಆವಿಯಾಗಿ ಹೊರಗೆಳೆಯುವುದೇ ವ್ಯಾಕ್ಯೂಮ್ ಪಂಪಿನ ಕೆಲಸ. ಇದಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಪಂಪು ನಿಲ್ಲಿಸಿ ವಾಲ್ವ್ ಮುಚ್ಚಿ, ಗೇಜಿನ ಮುಳ್ಳು ಕಾಲು ಗಂಟೆ ಅಲುಗದೆ ನಿಂತರೆ ಸೋರಿಕೆಯಿಲ್ಲ. ಕೆಲವೆಡೆ ಪಂಪಿನ ಬದಲು ಸ್ವಲ್ಪ ಗ್ಯಾಸು ಬಿಟ್ಟು ಒಳಗಿನ ಗಾಳಿಯನ್ನು ಹೊರದಬ್ಬುವ ಕ್ರಮವಿದೆ. ಅದರಿಂದ ತೇವ ಹೋಗುವುದಿಲ್ಲ. ಉಳಿದ ತೇವ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ, ಎಣ್ಣೆಯೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ.

ಗ್ಯಾಸನ್ನು ತೂಕದ ಲೆಕ್ಕದಲ್ಲಿ ತುಂಬಬೇಕು. ಬಾನೆಟ್ ಒಳಗಿನ ಚೀಟಿಯಲ್ಲಿ ಗ್ರಾಂಗಳಲ್ಲಿ ಪ್ರಮಾಣ ಬರೆದಿರುತ್ತದೆ. ಡ್ರೈಯರ್ ಮೇಲಿನ ಗಾಜಿನ ಕಿಟಕಿಯಲ್ಲಿ ಗುಳ್ಳೆ ನಿಲ್ಲುವವರೆಗೆ ತುಂಬುವುದು ಆರ್-12 ಕಾಲದ ರೂಢಿ. ಆರ್-134ಎ ಇರುವಲ್ಲಿ ಅದನ್ನು ನಂಬಿದರೆ ಗ್ಯಾಸು ಹೆಚ್ಚಾಗುವ ಸಂಭವವಿದೆ.

ಅಪಾಯದ ಎರಡು ವಿಷಯ

ಅಗ್ಗವೆಂಬ ಕಾರಣಕ್ಕೆ ಅಡುಗೆ ಅನಿಲವನ್ನು ಅಥವಾ ಅದಕ್ಕೆ ಸಮಾನವಾದ ಮಿಶ್ರಣವನ್ನು ಹಳೆಯ ಕಾರಿನ ಎ.ಸಿ.ಗೆ ತುಂಬುವವರಿದ್ದಾರೆ. ತಂಪಾಗುವುದು ನಿಜ. ಆದರೆ ಕೂಲಿಂಗ್ ಕಾಯಿಲ್ ಸೋರಿದಾಗ ಆ ಅನಿಲ ಬಂದು ತುಂಬುವುದು ಕಿಟಕಿ ಮುಚ್ಚಿದ ಕಾರಿನೊಳಗೆ, ಮಕ್ಕಳು ಕುಳಿತಿರುವಲ್ಲಿ, ಕಿಡಿಯೊಂದು ಸಾಕು. ಇದಕ್ಕೆ ಯಾವ ಕಾರಣಕ್ಕೂ ಒಪ್ಪಬಾರದು. ಹೆಸರಿಲ್ಲದ, ಅತಿ ಕಡಿಮೆ ಬೆಲೆಯ ಸಿಲಿಂಡರಿನ ಗ್ಯಾಸೂ ಬೇಡ. ಆರ್-134ಎ ಹೆಸರಿನಲ್ಲಿ ಮಾರಾಟವಾದ ನಕಲಿ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಪತ್ತೆಯಾದ ಪ್ರಕರಣಗಳು ಜಗತ್ತಿನಲ್ಲಿ ನಡೆದಿವೆ. ಅದು ವಿಷಕಾರಿ, ಅಲ್ಯೂಮಿನಿಯಂ ಜತೆ ಪ್ರತಿಕ್ರಿಯಿಸಿ ಸ್ಫೋಟಕ್ಕೂ ಎಡೆಮಾಡುತ್ತದೆ.

ಎರಡನೆಯದು, ಹಳೆಯ ಗ್ಯಾಸನ್ನು ಪೈಪು ಸಡಿಲಿಸಿ ಬಯಲಿಗೆ ಬಿಡುವುದು. ಹೊರಬರುವ ಆರ್-134ಎ ಕುದಿಯುವುದು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ. ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ, ಆದ್ದರಿಂದ ಕನ್ನಡಕ ಕಡ್ಡಾಯ. ವಾತಾವರಣದ ಲೆಕ್ಕವೂ ಸಣ್ಣದಲ್ಲ. ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಈ ಗ್ಯಾಸು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,300 ಪಟ್ಟು ಪ್ರಬಲ. ಅರ್ಧ ಕಿಲೋ ಗ್ಯಾಸು ಬಯಲಿಗೆ ಬಿಟ್ಟರೆ ಸುಮಾರು 280 ಲೀಟರ್ ಪೆಟ್ರೋಲ್ ಸುಟ್ಟಷ್ಟಾಯಿತು. ಇಂತಹ ಗ್ಯಾಸುಗಳನ್ನು ಹಂತಹಂತವಾಗಿ ಕಡಿಮೆ ಮಾಡುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿದೆ. ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬಿಕೊಳ್ಳುವ ಯಂತ್ರವಿರುವ ಗ್ಯಾರೇಜು ಜಿಲ್ಲಾ ಕೇಂದ್ರದಲ್ಲಿದ್ದರೆ ಅಷ್ಟು ದೂರ ಹೋಗುವುದು ಸಾರ್ಥಕವೇ.

ಬಿಲ್ಲು

ಕಂಪ್ರೆಸರ್ ಬದಲಿಸಿದ ಬಿಲ್ಲಿನಲ್ಲಿ ಕಂಪ್ರೆಸರ್ ಜತೆಗೆ ಡ್ರೈಯರ್, ಓ-ರಿಂಗ್‌ಗಳು, ಎಣ್ಣೆಯ ಹೆಸರು ಮತ್ತು ಮಿಲಿಲೀಟರ್, ಗ್ಯಾಸಿನ ಹೆಸರು ಮತ್ತು ಗ್ರಾಂ, ತೊಳೆದಿದ್ದರೆ ಅದರ ಶುಲ್ಕ ಇವೆಲ್ಲ ಬೇರೆ ಬೇರೆ ಸಾಲಿನಲ್ಲಿರಬೇಕು. ಒಟ್ಟಾಗಿ ಎ.ಸಿ. ಕೆಲಸ ಎಂದು ಬರೆದ ಬಿಲ್ಲನ್ನು ಸ್ವೀಕರಿಸಬಾರದು. ಪಂಚಾಯಿತಿಯ ಮೋಟಾರು ದುರಸ್ತಿಗೆ ಅಂತಹ ಬಿಲ್ಲು ಬಂದರೆ ತಾವೇ ಆಕ್ಷೇಪಿಸುತ್ತೀರಿ. ಹಳೆಯ ಕಂಪ್ರೆಸರನ್ನೂ ಡ್ರೈಯರನ್ನೂ ಕೇಳಿ ಪಡೆಯಿರಿ. ಗ್ಯಾರಂಟಿ ಚೀಟಿಯ ಷರತ್ತುಗಳನ್ನು ಹಣ ಕೊಡುವ ಮುನ್ನ ಓದಿ, ಎಲ್ಲ ಬಿಲ್ಲುಗಳನ್ನು ಅದರೊಡನೆ ಪಿನ್ ಮಾಡಿಡಿ.

ಕಂಪ್ರೆಸರ್‌ನ ತಿರುಗುವ ದಂಡದ ಬಳಿಯಿರುವ ಸೀಲ್ ಎಣ್ಣೆಯಿಂದ ತೋಯ್ದಿದ್ದರೆ ಮಾತ್ರ ಗ್ಯಾಸನ್ನು ಹಿಡಿದಿಡುತ್ತದೆ. ಮಳೆಗಾಲದಿಂದ ಮಾಘದವರೆಗೆ ಎ.ಸಿ. ಮುಟ್ಟದೆ ಬಿಟ್ಟರೆ ಅದು ಒಣಗಿ ಸೋರಲಾರಂಭಿಸುತ್ತದೆ. ಆದ್ದರಿಂದ ವರ್ಷವಿಡೀ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸತಕ್ಕದ್ದು; ಮಳೆಯಲ್ಲಿ ಗಾಜಿನ ಮಂಜು ತೆಗೆಯಲೂ ಅದು ಒದಗುತ್ತದೆ. ಕೆಲಸ ಮುಗಿದ ದಿನವೇ ದಿನಾಂಕ, ಗ್ಯಾಸಿನ ಹೆಸರು ಮತ್ತು ತೂಕ, ಎಣ್ಣೆಯ ಹೆಸರು ಮತ್ತು ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್‌ನ ಒಳಬದಿಗೆ ಅಂಟಿಸಿ. ಮುಂದೆ ಕಾರು ಯಾರ ಕೈ ಸೇರಿದರೂ, ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿದರೂ, ಅವರು ಮೊದಲು ಹುಡುಕುವುದು ಆ ಅಂಕಿಗಳನ್ನೇ.